ಬಾರಿಹಣ್ಣಿನಲ್ಲಿ ಕರಡಿಯ ಪಾಲು

ಯಲಬುರ್ಗಾ ತಾಲೂಕಿನಲ್ಲಿ ಬೇವೂರಿನ ಆಚೆ, ಗುಡ್ಡದ ಬುಡದ ಒಂದು ಶಾಲೆಗೆ ನನ್ನನ್ನು ವಿಜ್ಞಾನ ಕಲಿಸಲು ಹಾಕಿದಾಗ, ಆ ಊರಿಗೆ ವಿಜ್ಞಾನ ಬರುತ್ತಿರುವುದು ಅದೇ ಮೊದಲು ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಕೊಪ್ಪಳದ ಪೇಟೆಯಲ್ಲಿ ಕಿರಾಣಿ ಅಂಗಡಿಯವರ ಮನೆಯಲ್ಲಿ ಬೆಳೆದವಳು ನಾನು. ಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಕರಡಿಯನ್ನು ಪಠ್ಯಪುಸ್ತಕದಲ್ಲಿ ನೋಡಿದ್ದೆ. ಇಷ್ಟು ಅನುಭವ ಸಾಕಲ್ಲವೇ?

ನಮ್ಮ ಕಡೆ ಚಳಿ ಇದೆ ಎಂದರೆ ಹೊರಗಿನವರು ನಗುತ್ತಾರೆ. ಎಂಟು ತಿಂಗಳು ಹೆಂಚಿನಂತೆ ಕಾಯುವ ಬಂಡೆಗಳು ಡಿಸೆಂಬರಿನಲ್ಲಿ ಎಷ್ಟು ತಣ್ಣಗಾಗುತ್ತವೆ ಎಂದರೆ ಮುಂಜಾನೆ ಅವುಗಳ ಮೇಲೆ ಕೈ ಇಟ್ಟರೆ ಬೆರಳು ಮರಗಟ್ಟುತ್ತದೆ. ಆ ವರ್ಷ ಚಳಿ ಇನ್ನೂ ಜೋರಾಗಿತ್ತು. ಮಕ್ಕಳು ಎರಡೂ ಕೈ ಬಗಲಲ್ಲಿಟ್ಟುಕೊಂಡು ಪಾಠ ಕೇಳುತ್ತಿದ್ದರು, ಬರೆಯಿರಿ ಎಂದರೆ ಮುಖ ಸಣ್ಣದು ಮಾಡುತ್ತಿದ್ದರು.

ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು ಐವತ್ತು ದಾಟಿದವಳು. ಊರೆಲ್ಲ ಅವಳನ್ನು ಅವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ; ಶಾಲೆ ಕಲಿಸುವ ನಾನು ಊರಿಗೆಲ್ಲ ಅಕ್ಕೋರು. ಬಾರಿಹಣ್ಣನ್ನು, ಅಂದರೆ ಬೋರೆಹಣ್ಣನ್ನು, ಬೆಲ್ಲ, ಉಪ್ಪು, ಖಾರ ಹಾಕಿ ಕುಟ್ಟಿ, ತಟ್ಟಿ, ಬಿಸಿಲಿಗೆ ಒಣಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ಮಧ್ಯಾಹ್ನ ಅದನ್ನು ನನ್ನ ಅಂಗೈಗೆ ಹಾಕಿದಳು. ನಾಲಿಗೆ ಸೋತುಹೋಯಿತು. ಇನ್ನಷ್ಟು ಮಾಡಿಕೊಡು ಎಂದೆ.

"ಕೆಳಗಿನ ಗಿಡದ ಹಣ್ಣು ಮುಗದ್ವು ರೀ ಅಕ್ಕೋರ," ಎಂದಳು.

"ಮ್ಯಾಲೆ ಹಣ್ಣು ಜೋತಾಡಾಕತ್ತಾವಲ್ಲ ಅವ್ವಾ?"

"ಅವು ಕರಡಿ ಪಾಲು ರೀ."

ಗುಡ್ಡದ ನಡುವೆ ಒಂದು ದೊಡ್ಡ ಬಂಡೆ ಅಡ್ಡ ಮಲಗಿದೆ. ಅದರ ಕೆಳಗಿನ ಬಾರಿಗಿಡಗಳು ಊರ ಹೆಂಗಸರವು, ಮೇಲಿನವು ಕರಡಿಯವು. ಈ ಪಾಲುಪಟ್ಟಿ ಮಾಡಿಕೊಟ್ಟವರು ಯಾರೋ ಯಾರಿಗೂ ಗೊತ್ತಿಲ್ಲ. ಆದರೆ ಹೊಲದ ಬದುವಿನ ಮೇಲೆ ಅಣ್ಣತಮ್ಮಂದಿರು ತಲೆ ಒಡೆದುಕೊಂಡ ಆ ಊರಿನಲ್ಲಿ, ಈ ಗಡಿಯನ್ನು ಮಾತ್ರ ಒಬ್ಬರೂ ದಾಟಿರಲಿಲ್ಲ.

"ಥಂಡ್ಯಾಗ ಅದಕ್ಕ ಮತ್ತೇನ್ ಸಿಗತೈತ್ರಿ? ಹುತ್ತ ಕಲ್ಲಾಗಿರತಾವ, ಹುಳ ಆಳಕ್ಕ ಇಳದಿರತಾವ," ಎಂದಳು ಅವ್ವ.

ನಾನು ನಕ್ಕೆ. ಈಗ ನೆನಪಾದರೆ ಆ ನಗೆಗೆ ಮೈಯೆಲ್ಲ ಉರಿಯುತ್ತದೆ. "ಅವ್ವಾ, ಥಂಡ್ಯಾಗ ಕರಡಿ ಮಲಗಿಬಿಡತೈತಿ. ಬ್ಯಾಸಗಿ ಬರೂತನಕ ಏಳಂಗಿಲ್ಲ, ಉಣ್ಣಂಗಿಲ್ಲ. ಪುಸ್ತಕದಾಗ ಐತಿ."

"ಹೌದೇನ್ರಿ? ನಮ್ಮ ಕರಡಿಗೆ ಇದನ್ನ ಯಾರೂ ಹೇಳಿಲ್ಲ ಕಾಣತೈತಿ," ಎಂದು ಅವಳು ಸಾರಿನ ಪಾತ್ರೆ ಇಳಿಸಲು ಹೋದಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಬಿಡುವವಳಲ್ಲ. ಮರುದಿನ ಕರಿಹಲಗೆಯ ಮೇಲೆ ನಿದ್ದೆ ಮಾಡುವ ಕರಡಿಯ ಚಿತ್ರ ಬರೆದು ಇಡೀ ತರಗತಿಗೆ ಪಾಠ ಮಾಡಿದೆ. ಪುಸ್ತಕದಲ್ಲಿ ಹಿಮಪ್ರದೇಶದ ಕರಡಿ ಎಂದು ಸ್ಪಷ್ಟವಾಗಿಯೇ ಇತ್ತು. ನಾನು ಹಿಮಪ್ರದೇಶವನ್ನು ಕೈಬಿಟ್ಟು ಕರಡಿಯನ್ನಷ್ಟೇ ಕಲಿಸಿದೆ. ಲೆಕ್ಕದ ಮಗ್ಗಿಯನ್ನು ಮನೆಯ ಹೊಸ್ತಿಲಲ್ಲೇ ಮರೆಯುವ ಮಕ್ಕಳು ಇದನ್ನು ಮಾತ್ರ ಅಕ್ಷರ ಬಿಡದೆ ಒಯ್ದು ತಾಯಂದಿರಿಗೆ ಒಪ್ಪಿಸಿದರು. ವಾರದೊಳಗೆ ಊರು ತೀರ್ಮಾನಿಸಿತು: ಕರಡಿ ಮಲಗಿದೆ, ಅಕ್ಕೋರೇ ಹೇಳಿದ್ದಾರೆ.

ಹೆಂಗಸರು ಬಂಡೆ ದಾಟಿದರು. ಒಂದು ಭಾನುವಾರ ನಾನೂ ದಾಟಿದೆ. ಮೇಲಿನ ಹಣ್ಣು ದಪ್ಪ, ಸಿಹಿ, ನೂರಾರು ಕೈಗಳು ಮುಟ್ಟದೆ ಉಳಿದದ್ದು. ಎರಡು ಚೀಲ ತುಂಬಿಕೊಂಡು ಇಳಿದೆ. ಅವ್ವ ಬಂಡೆಯ ಕೆಳಗೇ ನಿಂತಿದ್ದಳು, ಒಂದು ಹೆಜ್ಜೆ ಮುಂದಿಡಲಿಲ್ಲ. ಹದಿನೈದು ದಿನಗಳಲ್ಲಿ ಮೇಲಿನ ಗಿಡಗಳಲ್ಲಿ ಮುಳ್ಳು ಬಿಟ್ಟರೆ ಏನೂ ಇರಲಿಲ್ಲ. ಮೂಢನಂಬಿಕೆಯೊಂದನ್ನು ಬೇರುಸಹಿತ ಕಿತ್ತೆ ಎಂದು ನಾನು ಹಿಗ್ಗಿದೆ.

ಎಳ್ಳಮಾಸಿ ಹಬ್ಬ ಮುಗಿದ ವಾರ. ನಾನು ಬಸ್ಸಿನಿಂದ ಇಳಿಯುವುದಕ್ಕೂ ಮಕ್ಕಳು ಓಡಿಬರುವುದಕ್ಕೂ ಸರಿಹೋಯಿತು.

"ಅಕ್ಕೋರ, ಕರಡಿ ಎದ್ದೈತ್ರಿ! ಬಾವ್ಯಾಗ ಬಿದ್ದೈತ್ರಿ!"

ಊರಂಚಿನ ಹೊಲದಲ್ಲಿ ಕಟ್ಟೆಯಿಲ್ಲದ ಒಂದು ಬಾವಿ. ಅದರ ಮೇಲೆ ಬಾಗಿದ ಒಂದು ಬಾರಿಗಿಡ, ಅದರಲ್ಲಿ ಉಳಿದ ನಾಲ್ಕು ಹಣ್ಣು. ಗುಡ್ಡದಲ್ಲಿ ಏನೂ ಸಿಗದ ಕರಡಿ ಆ ನಾಲ್ಕು ಹಣ್ಣಿಗಾಗಿ ನಸುಕಿನಲ್ಲಿ ಇಳಿದು ಬಂದಿತ್ತು. ಎದೆಮಟ್ಟದ ತಣ್ಣೀರಿನಲ್ಲಿ ನಿಂತು, ಗೋಡೆಯಿಂದ ಚಾಚಿದ ಒಂದು ಕಲ್ಲನ್ನು ಮುಂಗಾಲುಗಳಿಂದ ತಬ್ಬಿಕೊಂಡು ನಡುಗುತ್ತಿತ್ತು. ಕರಡಿ ನಡುಗುತ್ತದೆ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಅರಣ್ಯ ಇಲಾಖೆಯವರು ಬಂದು ಮರದ ಏಣಿ ಇಳಿಬಿಟ್ಟರು. ಜನ ದೂರ ಸರಿದರೆ ತಾನೇ ಹತ್ತಿ ಹೋಗುತ್ತದೆ ಎಂದು ಕೈಮುಗಿದು ಕೇಳಿಕೊಂಡರು. ಜನ ಸರಿಯುವುದೇ? ಕಡಲ ದಂಡೆಯದಲ್ಲ, ನಮ್ಮ ಕಡೆಯದೇ ಮಂಗಳೂರಿನಿಂದ ಬೈಕುಗಳು ಬಂದವು, ಬೇವೂರಿನಿಂದ ಟಂಟಂ ತುಂಬಿಕೊಂಡು ಬಂದರು. ಕರಡಿಯನ್ನು ಹಿನ್ನೆಲೆಗಿಟ್ಟು ಫೋಟೋ ತೆಗೆಸಿಕೊಂಡರು. ಒಬ್ಬ ಪುಣ್ಯಾತ್ಮ ಮಿರ್ಚಿ ಭಜಿಯ ಬಂಡಿಯನ್ನೇ ತಂದು ನಿಲ್ಲಿಸಿದ.

ಅವ್ವ ಬಾವಿಯೊಳಗೆ ಒಮ್ಮೆ ಬಗ್ಗಿ ನೋಡಿದವಳು ನನ್ನ ಕೈ ಹಿಡಿದು ಗುಡ್ಡದ ಕಡೆ ಎಳೆದಳು. ಬಂಡೆಯ ಹತ್ತಿರ ಬಂದು ನಿಂತಳು.

"ಕಲ್ಲ ಹತ್ತಾಕ ಮ್ಯಾಲೆದ್ದಾಗ ನೋಡೀನಿ, ಕೆಚ್ಚಲ ಬಿಗದೈತ್ರಿ. ಹಡದ ಕರಡಿ ಅದು. ಕಿವಿಗೊಟ್ಟು ಕೇಳ್ರಿ."

ಮೇಲಿನ ಬಂಡೆಗಳ ಸಂದಿಯಿಂದ ಸಣ್ಣ ಅಳು ಬರುತ್ತಿತ್ತು. ಒಂದು ತೆಳು, ಒಂದು ಸ್ವಲ್ಪ ದಪ್ಪ. ಎರಡು ದನಿ. ಗಾಳಿ ಸುಯ್ಯನೆ ಬೀಸುತ್ತಿತ್ತು, ಬಿಸಿಲು ಆ ಸಂದಿಯ ಹತ್ತಿರವೂ ಸುಳಿದಿರಲಿಲ್ಲ. ನಾನು ಸೀರೆಯ ಮೇಲೆ ಹೊದ್ದ ಶಾಲು ತೆಗೆದೆ.

"ಏನ್ ಮಾಡ್ತೀರಿ?"

"ಹೊಚ್ಚಿ ಬರ್ತೀನಿ."

"ಮುಟ್ಟಬ್ಯಾಡ್ರಿ! ಮನಷ್ಯಾರ ವಾಸನಿ ಹತ್ತಿದ್ರ ತಾಯಿ ಹೆದರಿ ಬಿಟ್ಟ ಹೋದ್ರೇನ್ ಮಾಡ್ತೀರಿ? ಅವಕ್ಕ ಅವ್ವ ಬೇಕ್ರಿ, ಶಾಲಲ್ಲ. ಜಲ್ದಿ ಹೋಗಿ ಆ ಮಂದಿನ್ನ ಕಳಸ್ರಿ. ಅಕ್ಕೋರ ಮಾತಂದ್ರ ಕೇಳ್ತಾರ."

ಓಡುತ್ತ ಇಳಿದೆ. ಬಾವಿಯ ದಂಡೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ: ಇದು ತಾಯಿ ಕರಡಿ, ಮೇಲೆ ಮರಿಗಳು ಚಳಿಯಲ್ಲಿ ಸಾಯುತ್ತಿವೆ, ದಯವಿಟ್ಟು ಮನೆಗೆ ಹೋಗಿ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ವಿಜ್ಞಾನದ ಪಾಠ ಅದು. ಭಜಿ ತಿನ್ನುತ್ತಿದ್ದ ಒಬ್ಬರು ತಣ್ಣಗೆ ಕೇಳಿದರು:

"ಕರಡಿ ಮಲಗೈತಿ ಅಂದಿದ್ರಲ್ರಿ ಅಕ್ಕೋರ?"

ಎಲ್ಲರೂ ನಕ್ಕರು. ಸುಳ್ಳನ್ನು ಕಣ್ಣಿಗೊತ್ತಿಕೊಂಡು ನಂಬಿದ ಊರು ಸತ್ಯಕ್ಕೆ ಪುರಾವೆ ಕೇಳುತ್ತಿತ್ತು. ಸೂರ್ಯ ನೆತ್ತಿ ದಾಟಿದ. ಕರಡಿ ಕಲ್ಲಿನ ಹಿಡಿತ ತಪ್ಪಿ ಎರಡು ಸಲ ಮುಳುಗಿ ಎದ್ದಿತು. ಕೊನೆಗೆ ನಾನು ಫೋನು ಕಿವಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಅಂದೆ: "ಹೌದೇನ್ರಿ? ಪಂಚಾಯ್ತಿ ಮುಂದ ಮನಿ ಮಂಜೂರಿಗೆ ಹೆಸರ ಬರಕೊಳ್ಳಾಕತ್ಯಾರ? ಸಂಜಿಗೆ ಮುಗೀತೈತಿ?"

ಐದು ನಿಮಿಷದಲ್ಲಿ ಬಾವಿಯ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಪರವೂರಿನವರೂ ಹೋದರು. ಭಜಿಯ ಬಂಡಿಯೂ ಅವರ ಹಿಂದೆಯೇ ಉರುಳಿತು. ಈ ಬುದ್ಧಿ ಮುಂಜಾನೆಯೇ ಬರಬೇಕಿತ್ತು. ಆದರೆ ಮುಂಜಾನೆ ನಾನಿನ್ನೂ ಸತ್ಯದ ಮೇಲೆ ಭಾರ ಹಾಕಿದ್ದೆ.

ಕರಡಿ ಏಣಿ ಹಿಡಿದು ಹತ್ತಿತು. ಬಿದ್ದಿತು, ಮತ್ತೆ ಹತ್ತಿತು. ದಂಡೆಗೆ ಬಂದು ಮೈ ಕೂಡ ಕೊಡವದೆ ಗುಡ್ಡದ ಕಡೆ ಕುಂಟುತ್ತ ಓಡಿತು. ಆಗ ಹೊತ್ತು ಇಳಿಯುತ್ತಿತ್ತು.

ಮೋಸ ಮಾಡಿದ್ದಕ್ಕೆ ಊರು ನನ್ನನ್ನು ತಿಂಗಳುಗಟ್ಟಲೆ ಆಡಿಕೊಂಡಿತು. ಮೊದಲ ಸುಳ್ಳಿಗೆ ಮಾತ್ರ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೋ ಏನೋ.

ಮಾರ್ಚ್ ತಿಂಗಳಲ್ಲಿ, ಬಿಸಿಲು ಏರುವ ಮುಂಚೆ, ಮಕ್ಕಳು ಕಿರುಚಿದರೆಂದು ಶಾಲೆಯ ಹೊರಗೆ ಬಂದೆ. ಗುಡ್ಡದ ಮೇಲೆ ಕರಡಿ ನಡೆದು ಹೋಗುತ್ತಿತ್ತು. ಅದರ ಬೆನ್ನ ಮೇಲೆ, ಕೂದಲು ಕಚ್ಚಿ ಹಿಡಿದು ಕೂತ ಒಂದು ಮರಿ.

"ಬದುಕೈತ್ರಿ ಅಕ್ಕೋರ! ಮರಿ ಬದುಕೈತಿ!" ಮಕ್ಕಳು ಚಪ್ಪಾಳೆ ತಟ್ಟಿದರು.

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಕರಡಿ ಗುಡ್ಡದ ನೆತ್ತಿ ದಾಟಿ ಮರೆಯಾಯಿತು. ಮಕ್ಕಳು ಒಳಗೆ ಹೋದರು. ಹಿಂದೆ ಇನ್ನೊಂದು ನಡೆದು ಬರುತ್ತಿರಬಹುದು, ಸಣ್ಣದು, ಕಾಲು ಸಾಲುವುದಿಲ್ಲ ಎಂದುಕೊಂಡು ನಾನು ಅಲ್ಲೇ ನಿಂತೆ.

"ಒಳಗ ನಡೀರಿ ಅಕ್ಕೋರ," ಎಂದಳು ಅವ್ವ. "ಬರೂದಿದ್ರ ಜೋಡೀನ ಬರತಿತ್ತು."