ಕಾಶಮ್ಮಜ್ಜಿಯ ಜಗಲಿದಾರಿ

ಮಾಚೇನಹಳ್ಳಿಯ ಆಚೆ ನಮ್ಮೂರಿನ ಹಳೇ ಬೀದಿಯಲ್ಲಿ ಮನೆಗಳ ಜಗಲಿಗಳು ಒಂದಕ್ಕೊಂದು ಕೂಡಿಕೊಂಡಿವೆ. ಕಟ್ಟಿದ ಮುತ್ತಜ್ಜಂದಿರು ನಡುವೆ ಗೋಡೆ ಎಬ್ಬಿಸಲಿಲ್ಲ. ಬೀದಿಗೆ ಇಳಿಯದೆಯೇ ಈ ತುದಿಯಿಂದ ಆ ತುದಿಗೆ ಹೋಗಬಹುದು. ಮಂಡಿನೋವಿನ ಕಾಶಮ್ಮಜ್ಜಿಗೆ ಮೆಟ್ಟಿಲು ಇಳಿಯಲು ಆಗದು. ಪಕ್ಕದ ಮನೆಯ ಧರ್ಮೇಂದ್ರನ ಜಗಲಿ ದಾಟಿ, ಅದರಾಚೆಯ ಗೆಳತಿ ಶೇಷಮ್ಮನ ಬಳಿ ಕೂತು ಊರ ಸುದ್ದಿ ಪಿಸುಗುಟ್ಟುವುದೇ ಆಕೆಯ ದಿನಚರಿ.

ಹೋದ ವರ್ಷ ಧರ್ಮೇಂದ್ರ ಭದ್ರಾವತಿಯ ನನ್ನ ಅಂಗಡಿಯಿಂದ ಗ್ರಿಲ್ ಒಯ್ದು ತನ್ನ ಜಗಲಿಯ ಎರಡೂ ಪಕ್ಕ ಮುಚ್ಚಿಸಿದ.

"ಸೇಫ್ಟಿಗೆ ಅಜ್ಜಿ" ಎಂದ.

ಅಜ್ಜಿ ಜಗಳವಾಡಲಿಲ್ಲ. ಮರುದಿನ ಗ್ರಿಲ್ಲಿಗೆ ಒರಗಿ ಕೂತು, ಆಚೆ ಬದಿಯ ಶೇಷಮ್ಮನಿಗೆ ಕೇಳುವಂತೆ ಕೂಗಿದಳು:

"ಕೇಳಿದ್ಯಾ ಮಾರಾಯ್ತಿ? ನಿನ್ನೆ ಧರ್ಮೇಂದ್ರಂಗೆ ಅವನ ಹೆಂಡ್ತಿ ಅನ್ನಾನೇ ಹಾಕ್ಲಿಲ್ವಂತೆ!"

"ಅಯ್ಯೋ, ಯಾಕಂತೆ?" ಶೇಷಮ್ಮನೂ ಕೂಗಿದಳು.

ಬೀದಿಯೆಲ್ಲ ಕಿವಿಗೊಟ್ಟಿತು. ಧರ್ಮೇಂದ್ರ ಹೊರಗೆ ಓಡಿಬಂದ. "ಅಜ್ಜೀ, ಸ್ವಲ್ಪ ಮೆಲ್ಲಗೆ!"

"ಹತ್ರ ಕೂತಾಗ ಮೆಲ್ಲಗೇ ಹೇಳ್ತಿದ್ದೆ ಕಣೋ. ದೂರ ಮಾಡಿದೋನು ನೀನೇ."

ಅವತ್ತೇ ಅವನು ನನಗೆ ಫೋನ್ ಮಾಡಿ, ಎರಡೂ ಪಕ್ಕದ ಗ್ರಿಲ್ಲಿಗೆ ಒಂದೊಂದು ಗೇಟು ಬೇಕೆಂದ. ಗೇಟು ಕೂರಿಸಿದ ಕೂಡಲೇ ಅಜ್ಜಿ ದಾಟಿಹೋಗಿ, ಅನ್ನ ಹಾಕದ ಕಾರಣವನ್ನು ಶೇಷಮ್ಮನ ಕಿವಿಯಲ್ಲಿ ಹೇಳಿದಳು. ಬೀದಿಗೆ ಅದು ಇನ್ನೂ ಗೊತ್ತಾಗಿಲ್ಲ.