ಭಾವನ ಎರಡನೇ ಗಿಟಾರು

ಹೋದ ತಿಂಗಳು ಅಕ್ಕ ಕಳಿಸಿಕೊಟ್ಟ ಗಿಟಾರಿನ ಚೀಲದ ಜಿಪ್ ಎಳೆದಾಗ ಮೊದಲು ಬಂದದ್ದು ಈರುಳ್ಳಿ ವಾಸನೆ. ಮೂಲೆಯಲ್ಲಿ ಒಣಗಿದ ಸಿಪ್ಪೆ ಬೇರೆ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು, “ಹೊರಗೆ ಕೊಡವಿಕೊಂಡು ಬನ್ನಿ” ಅಂದಳು. ಚಾಮರಾಜನಗರದ ನಮ್ಮ ಮನೆಯ ವರಾಂಡದಲ್ಲಿ ಆ ಚೀಲ ಕೊಡವುತ್ತಾ ನಿಂತವನಿಗೆ ಭಾವ ನೆನಪಾದರು. ಜೊತೆಗೆ ಅವರ ಮೇಲಿನ ಸಿಟ್ಟೂ.

ಭಾವ ಅಂದರೆ ನನ್ನ ಅಕ್ಕನ ಗಂಡ. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದರು. ಬೆಳಿಗ್ಗೆಯೆಲ್ಲ ಕೇರಳದ ಲಾರಿಗಳಿಗೆ ಮೂಟೆ ತುಂಬಿಸಿ, ಸಂಜೆಯಾದರೆ ಮಂಡಿಯ ಹಿಂದಿನ ಕೋಣೆಯಲ್ಲಿ ಗಿಟಾರು ಹಿಡಿದು ಕೂರುತ್ತಿದ್ದರು. ನನಗೂ ಕಲಿಸಿದವರು ಅವರೇ. ಮದುವೆ ಆರತಕ್ಷತೆಗಳಲ್ಲಿ ನುಡಿಸುವ ಒಂದು ಚಿಕ್ಕ ಆರ್ಕೆಸ್ಟ್ರಾ ನಮ್ಮದು. ಅವರ ಹತ್ತಿರ ಎರಡು ಎಲೆಕ್ಟ್ರಿಕ್ ಗಿಟಾರುಗಳಿದ್ದವು. ಕೆಂಪು ಅವರಿಗೆ, ನೀಲಿ ನನಗೆ. ಬಣ್ಣ ಚೆಂದ ಅಂತ ಎಲ್ಲಿಂದಲೋ ತಂದಿದ್ದ ಆ ನೀಲಿಯದೇ ತಕರಾರು.

ತಂತಿಗಳ ಅಡಿಯಲ್ಲಿ ಪಿಕಪ್ ಅಂತ ಇರುತ್ತದೆ, ಅಯಸ್ಕಾಂತಕ್ಕೆ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ ಸುತ್ತಿದ ಪುಟ್ಟ ಪೆಟ್ಟಿಗೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದರ ಕೆಲಸ. ನೀಲಿ ಗಿಟಾರಿನ ಪಿಕಪ್‌ಗಳು ಅದರ ಜೊತೆಗೆ ಊರಿನ ಕರೆಂಟನ್ನೆಲ್ಲ ಹಿಡಿಯುತ್ತಿದ್ದವು. ಛತ್ರದಲ್ಲಿ ಸೀರಿಯಲ್ ಲೈಟು ಹಾಕಿದರೆ ಸಾಕು, ಗುಂಯ್ ಅಂತ ಶುರು. ಒಂದು ಆರತಕ್ಷತೆಯಲ್ಲಿ ಹುಡುಗಿಯ ಅಪ್ಪ ವೇದಿಕೆ ಹತ್ತಿ ಬಂದು ನೇರ ನನ್ನನ್ನೇ ಕೇಳಿದರು: “ಏನ್ರೀ ಇದು, ಒಳಗಡೆ ಲಾರಿ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದೀರಾ?”

ಯಾವಾಗಲೂ ನನ್ನ ಎಡಪಕ್ಕದಲ್ಲೇ ಇರುತ್ತಿದ್ದ ಭಾವ ತಮಗೆ ಸಂಬಂಧವೇ ಇಲ್ಲವೆನ್ನುವ ಹಾಗೆ ಛಾವಣಿ ನೋಡುತ್ತಿದ್ದರು.

ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವನು ನಾನು. ಪಿಕಪ್ ಬದಲಾಯಿಸುವುದು ನನಗೆ ಅರ್ಧ ಗಂಟೆಯ ಕೆಲಸ. ಗುಂಯ್ಗುಡದಂಥ ಹೊಸ ಜೋಡಿ ತರಿಸಿಕೊಂಡು ಭಾನುವಾರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಸ್ಕ್ರೂ ಬಿಚ್ಚಿ, ತಂತಿಗಳನ್ನೆಲ್ಲ ಆಚೆ ಸರಿಸಿ, ಬೆಸುಗೆ ಕಡ್ಡಿ ಕಾಯಿಸಿದೆ. ಭಾವ ಕೈ ಅಡ್ಡ ಹಿಡಿದರು.

“ತಡೀಲಾ. ಗುಂಯ್ ಅನ್ನೋದು ಓದ್ರೆ ಅದ್ರ ಗಂಟ್ಲೂ ಓಯ್ತದ ಕಣ್ಲಾ.”

“ಭಾವ, ಅದಕ್ಕಿರೋದು ಗಂಟಲಲ್ಲ, ಗೊರಕೆ!”

“ಇನ್ನೊಂದ್ ವಾರ ಯೋಚ್ನೆ ಮಾಡನ ಬುಡು.”

ಮತ್ತೆ ಸ್ಕ್ರೂ ಹಾಕಿ ಮುಚ್ಚಿದೆ. ಮುಂದಿನ ವಾರ ಅವರದೇ ಫೋನು: “ನೀ ಯೋಳಿದ್ದೇ ಸರಿ, ಬಂದ್ಬುಡು.” ಹೋದೆ. ಬಿಚ್ಚಿದೆ. “ತಡೀಲಾ...” ಹೀಗೆ ಎಷ್ಟು ಭಾನುವಾರಗಳು ಹೋದವೋ. ಮಂಡಿಗೆ ಬಂದವರನ್ನೆಲ್ಲ ಕೇಳಿದರು. ಚರ್ಚಿನಲ್ಲಿ ಗಿಟಾರು ನುಡಿಸುತ್ತಿದ್ದ ಮಲಯಾಳಿ ಲಾರಿ ಡ್ರೈವರು ಬದಲಾಯಿಸಿ ಅಂದ. ನಮ್ಮ ಡ್ರಮ್ಸಿನವನು ಬೇಡವೇ ಬೇಡ ಅಂದ. ಕೊನೆಗೆ ಅಕ್ಕನನ್ನೂ ಕೇಳಿದರು. ಅಕ್ಕ ರೊಟ್ಟಿ ತಟ್ಟುತ್ತಾ, “ನನ್ನ ನೋಡಕ್ಕೂ ಇಂಗೇ ಬಂದ್ ಬಂದ್ ಓಯ್ತಿದ್ರು. ನಮ್ಮಪ್ಪ ಗದರಿದ್ ಮೇಲೆ ಒಪ್ಕೊಂಡಿದ್ದು” ಅಂದಳು.

ಈ ಹಿಂಜರಿಕೆಯ ಹಿಂದೆ ಏನೋ ದೊಡ್ಡ ಕಾರಣವಿತ್ತು ಅಂತ ಬರೆಯುವ ಆಸೆ ನನಗೂ ಇದೆ. ಇರಲಿಲ್ಲ. ಆ ಮನುಷ್ಯನಿಗೆ ನಿರ್ಧಾರ ಮಾಡಲು ಬರುತ್ತಿರಲಿಲ್ಲ, ಅಷ್ಟೇ.

ಹಾಗಂತ ನಾನು ಅಂದುಕೊಂಡಿದ್ದೆ...

ಒಂದು ದಿನ ಈರುಳ್ಳಿ ಮಂಡಿಯಲ್ಲಿ ಭಾವನ ಕಾಲಿಗೆ ಮೊಳೆ ಚುಚ್ಚಿತು. ಸಕ್ಕರೆ ಕಾಯಿಲೆ ಇದ್ದದ್ದರಿಂದ ಅವರಿಗೆ ನೋವೇ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಪಾದವೆಲ್ಲ ಕಪ್ಪಾಗಿತ್ತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಮೊಣಕಾಲಿನ ಕೆಳಗೆ ತೆಗೆಯಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ ಅಂದರು ಡಾಕ್ಟರು. ಅಕ್ಕ ಗೋಡೆ ಹಿಡಿದುಕೊಂಡಳು. ನಾನು, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ, ಎರಡು ದಿನ ನೋಡೋಣ ಅಂತ ಏನೇನೋ ಬಡಬಡಿಸುತ್ತಿದ್ದೆ.

“ತೆಗೆದ್ಬುಡಿ ಸಾ,” ಅಂದರು ಭಾವ. “ಯೋಚ್ನೆ ಏನದ ಇದ್ರಲ್ಲಿ.”

ಡಾಕ್ಟರು ಆಚೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. ಅಕ್ಕನ ವಿಚಾರ ಹೇಳುತ್ತಾರೆ ಅಂದುಕೊಂಡು ಬಗ್ಗಿದೆ.

“ಆ ನೀಲಿದು... ಬದಲಾಯ್ಸದಾ, ಬ್ಯಾಡ್ವಾ?”

ಸಿಟ್ಟು ತಡೆಯಲಾಗದೆ ವಾರ್ಡಿನಿಂದ ಎದ್ದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತವನು ಬೈಯುತ್ತಿದ್ದೆನೋ ಅಳುತ್ತಿದ್ದೆನೋ, ನನಗೇ ತಿಳಿಯಲಿಲ್ಲ.

ಕಾಲು ಹೋದ ಮೇಲೂ ಭಾವ ಸ್ಟೂಲಿನ ಮೇಲೆ ಕೂತು ನುಡಿಸಿದರು. ನೀಲಿ ಗಿಟಾರು ಮಾತ್ರ ಹಾಗೆಯೇ ಗುಂಯ್ಗುಡುತ್ತಿತ್ತು. ಒಂದು ಬೆಳಿಗ್ಗೆ ಮಂಡಿಯಲ್ಲಿ ಕಾಫಿ ಕುಡಿಯುತ್ತಿದ್ದವರು ಕುರ್ಚಿಯಲ್ಲೇ ಒರಗಿಬಿಟ್ಟರಂತೆ... ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವರ್ಷ ಕಳೆದ ಮೇಲೆ ಕೆಂಪು ಗಿಟಾರನ್ನು ತಾನಿಟ್ಟುಕೊಂಡು ನೀಲಿಯನ್ನು ಅಕ್ಕ ನನಗೆ ಕಳಿಸಿದ್ದಳು. ಹೊಸ ಜೋಡಿ ಪಿಕಪ್ ನನ್ನ ಹತ್ತಿರವೇ ಇತ್ತು. ಈಗ ತಡೆಯುವವರು ಯಾರೂ ಇಲ್ಲ. ಆದರೂ ಬಿಚ್ಚುವುದು, ಮುಚ್ಚುವುದು ಶುರುವಾಯಿತು. ಹೆಂಡತಿಯನ್ನು ಕೇಳಿದೆ. ಅವಳು ಮುಖ ನೋಡಿ, “ಈಗ ನೀವು ಶುರು ಮಾಡಿಕೊಂಡ್ರಾ?” ಅಂದಳು. ಮೈ ಉರಿದುಹೋಯಿತು. ಆಗಲೇ ಕೂತು ಎರಡೂ ಪಿಕಪ್ ಬದಲಾಯಿಸಿ ಹಾಕಿದೆ.

ಮೊನ್ನೆ ಗುಂಡ್ಲುಪೇಟೆಯ ಒಂದು ಛತ್ರದಲ್ಲಿ ಅದನ್ನು ನುಡಿಸಿದೆ. ತಲೆಯ ಮೇಲೆಲ್ಲ ಸೀರಿಯಲ್ ಲೈಟು. ಎಲ್ಲೂ ಗುಂಯ್ ಇಲ್ಲ. ಅಷ್ಟು ವರ್ಷ ನಾನು ಹೇಳಿದ್ದೇ ಸರಿಯಾಗಿತ್ತು. ಆದರೆ ಸಣ್ಣ ತಂತಿಗಳಿಗೆ ಹೋದಾಗ ಸ್ವರ ಸ್ವಲ್ಪ ಮಂಕಾಗಿ ಕೇಳಿಸಿತು. ಆ ನೀಲಿಗಿದ್ದ ಒಂದು ತೆಳ್ಳನೆಯ ಮಿಂಚು ಹೋಗಿತ್ತು. ಹಾಳಾದ್ದು, ಅವರು ಹೇಳಿದ್ದೂ ಸರಿಯೇ. ಹಾಡು ಮುಗಿದಾಗ ಅದನ್ನು ಹೇಳಲು ಎಡಕ್ಕೆ ತಿರುಗಿದೆ. ಅಲ್ಲಿ ಹೊಸ ಕೀಬೋರ್ಡಿನ ಹುಡುಗಿ ಮುಂದಿನ ಹಾಡಿಗೆ ತಯಾರಾಗುತ್ತಿದ್ದಳು. “ಏನ್ ಸಾರ್?” ಅಂದಳು. ಏನಿಲ್ಲಮ್ಮ ಅಂದು, ಶ್ರುತಿ ನೋಡಿಕೊಳ್ಳತೊಡಗಿದೆ.