ಬಯೂಮಿ ಹೊಲಿದ ಇಂಗ್ಲಿಷ್ ಕಾದಂಬರಿ

ಆ ಗುರುವಾರ ಅಲೆಕ್ಸಾಂಡ್ರಿಯಾದ ನಮ್ಮ ಕಾಫಿ ಅಂಗಡಿಯಲ್ಲಿ ವಹ್ಬಿ ಉಸ್ತಾದರು ತಾವು ಓದುತ್ತಿದ್ದ ಇಂಗ್ಲಿಷ್ ಕಾದಂಬರಿಯನ್ನು ವರ್ಣಿಸುತ್ತಿದ್ದರು. "ಮೊದಲ್ನೇ ಪುಟದಲ್ಲೇ ನಾಯಕಿಯ ಹೆಣ ಎತ್ತುತ್ತಾರೆ. ಆಮೇಲೆ ಅವಳಿಗೆ ಕಾಯಿಲೆ. ಕೊನೆಗೆ ಮದುವೆ! ಆ ಲೇಖಕಂದು ಎಂಥಾ ಧೈರ್ಯ ನೋಡ್ರಯ್ಯಾ!"

ಹಲ್ಲಿನ ಡಾಕ್ಟರು ಇಸ್ಕಂದರ್ ಚೀಲದಿಂದ ಅದೇ ಕಾದಂಬರಿಯ ಇನ್ನೊಂದು ಪ್ರತಿ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಮೊದಲ ಪುಟದಲ್ಲಿ ಮದುವೆ ನಡೆಯುತ್ತಿತ್ತು.

ಮೂವತ್ತು ವರ್ಷ ಟ್ರಾಮಿನಲ್ಲಿ ಟಿಕೆಟ್ಟಿಲ್ಲದವರನ್ನು ಹಿಡಿದ ವಹ್ಬಿ, ನಿವೃತ್ತರಾದ ಮೇಲೆ ತಾವೇ ಟಿಕೆಟ್ಟಿಲ್ಲದೆ ಸಾಹಿತ್ಯ ಹತ್ತಿದ್ದರು. ಏಳು ತಿಂಗಳಿಂದ ಆ ದಪ್ಪ ಪುಸ್ತಕ ಅವರ ಕಂಕುಳಲ್ಲಿತ್ತು. ಉಸ್ತಾದ್ ಎಂಬ ಹೆಸರು, ಸಮುದ್ರದ ಗಾಳಿ ಬೀಸುವ ಕಿಟಕಿ ಪಕ್ಕದ ಕುರ್ಚಿ, ಎರಡೂ ಅದರ ದೆಸೆಯಿಂದ ಬಂದವು. ಹದಿನಾರು ಪುಟಕ್ಕೊಮ್ಮೆ ವಾಕ್ಯ ನಡುವೆಯೇ ಕಡಿದು ಬೇರೆಲ್ಲೋ ಶುರುವಾಗುತ್ತಿತ್ತಂತೆ. "ಅದೇ ಈಗಿನ ಶೈಲಿ" ಎನ್ನುತ್ತಿದ್ದರು. ನಾವು ಹುಕ್ಕಾ ಎಳೆಯುತ್ತ ತಲೆಯಾಡಿಸುತ್ತಿದ್ದೆವು. ಅರ್ಥವಾಗದ್ದಕ್ಕೆ ತಲೆಯಾಡಿಸುವಷ್ಟು ಸಂಸ್ಕಾರ ನಮ್ಮ ಮೇಜಿಗಿತ್ತು.

ಎದುರು ಸಾಲಿನ ಅಂಗಡಿಯ ಬಯೂಮಿಗೆ ಬುಲಾವ್ ಹೋಯಿತು. ಹದಿನಾರು ಪುಟಗಳ ಕಂತೆ ಕಂತೆಯಾಗಿ ಕಳಚಿದ್ದ ಆ ಹಳೇ ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟಿದವನು ಅವನೇ. ಜನ್ಮವಿಡೀ ಬಲದಿಂದ ಎಡಕ್ಕೆ ಓದುವ ಅರಬಿ ಪುಸ್ತಕ ಕಟ್ಟಿದ ಕೈ. ಮೊದಲ ಕಂತೆಯನ್ನು ಬಲಗಡೆಗಿಟ್ಟು ಹೊಲಿದಿತ್ತು. ಚೆಂದಕ್ಕೆಂದು ಪುಟದ ಅಂಕಿಗಳಿದ್ದ ಅಂಚನ್ನೂ ಕತ್ತರಿಸಿತ್ತು. ಎಡದಿಂದ ಶುರುಮಾಡಿದ ಉಸ್ತಾದರಿಗೆ ಕಡೆಯ ಕಂತೆಯೇ ಮೊದಲಾಗಿತ್ತು.

"ಏಳು ತಿಂಗಳು ಹಾಳು ಮಾಡಿದ್ಯಲ್ಲೋ ಕತ್ತೆ! ಅರ್ಥ ಆಗ್ದೆ ತಲೆ ಚಚ್ಕೊಂಡೆನಲ್ಲೋ!"

"ಅರ್ಥ ಆಗ್ತಿಲ್ಲ ಅಂತ ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲ ಪಾಶಾ! ದಾರ ನಂದು, ಅರ್ಥ ನಿಮ್ದು."

ಡಾಕ್ಟರು ಆಗಲೇ ಎದ್ದು ನಿಂತಿದ್ದರು. "ಕುರ್ಚಿ ಬಿಡಿ ಉಸ್ತಾದ್. ನನ್ನ ಬೆನ್ನಿಗೂ ಸ್ವಲ್ಪ ಗಾಳಿ ಬೀಸ್ಲಿ."

"ತಪ್ಪು ಬಯೂಮಿದು, ಶಿಕ್ಷೆ ನನಗಾ? ನಿಮ್ಮ ಪ್ರತಿ ಕೊಡಿ. ಒಂದು ತಿಂಗಳಲ್ಲಿ ನೆಟ್ಟಗೆ ಓದಿ ಅರ್ಥ ಹೇಳ್ದಿದ್ರೆ ಕುರ್ಚಿ ನಿಮ್ದೇ!"

ಡಾಕ್ಟರು ಕೊಟ್ಟರು. ಅವರ ಪ್ರತಿಯಲ್ಲಿ ಮೊದಲ ಮೂರು ಪುಟ ಬಿಟ್ಟರೆ ಉಳಿದವು ಅಂಚು ಬಿಡಿಸದೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಆ ತಿಂಗಳು ಉಸ್ತಾದರು ನಿಘಂಟು ತೊಡೆಯ ಮೇಲಿಟ್ಟುಕೊಂಡು ಬಾಲ್ಕನಿಯಲ್ಲೇ ಕಾಲ ಕಳೆದರು. ಹೆಂಡತಿ ಇಟ್ಟುಹೋದ ಅವರೆಕಾಳಿನ ಗೊಜ್ಜಿನಂಥ ಫೂಲ್ ಬಟ್ಟಲಲ್ಲೇ ಆರಿ ಗಟ್ಟಿಯಾಗುತ್ತಿತ್ತು. ಬಯೂಮಿಯ ಅಂಗಡಿ ಬಂದರೆ ರಸ್ತೆ ದಾಟಿ ನಡೆಯುತ್ತಿದ್ದರು. ಸಿಕ್ಕವರೆದುರೆಲ್ಲ ಅವನ ವಂಶ ಜಾಲಾಡುತ್ತಿದ್ದರು.

ಗಡುವಿನ ಗುರುವಾರ ಎರಡೂ ಪ್ರತಿ ಹೊತ್ತು ಬಂದರು. ಕೂರಲಿಲ್ಲ. ಡೊಮಿನೊ ಬಿಲ್ಲೆಗಳ ಸದ್ದು ನಿಂತಿತು. ಹಲ್ಲು ಕೀಳುವ ಮುಂಚಿನ ಮೆತ್ತನೆಯ ದನಿಯಲ್ಲಿ ಡಾಕ್ಟರು ಕೇಳಿದರು: "ಹೇಳಿ ಉಸ್ತಾದ್, ನೆಟ್ಟಗೆ ಓದಿದ್ಮೇಲೆ ಏನರ್ಥ ಆಯ್ತು?"

ಉಸ್ತಾದರು ಕಿಟಕಿ ಪಕ್ಕದ ಕುರ್ಚಿಯನ್ನು ಡಾಕ್ಟರತ್ತ ತಳ್ಳಿದರು.

"ಬಯೂಮಿದೇನೂ ತಪ್ಪಿಲ್ಲ ಅಂತ."